ದಿವಾನರನ್ನು ಆರಿಸಿದ್ದು ಯಾರು? ಸರ್ ಮಿರ್ಜಾ ಇಸ್ಮಾಯಿಲ್ ಅವರ ಬದುಕು

ನಮ್ಮ ಕಾಲೇಜಿನ ವಾರ್ತಾಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೂ ಒಬ್ಬ ಮಹನೀಯರ ಜೀವನ ಚರಿತ್ರೆ ಬರುವುದು ರೂಢಿ. ಈ ಸಲ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಸಮಿತಿಯ ವಿದ್ಯಾರ್ಥಿಗಳು ಸ್ಟಾಫ್ ರೂಮಿಗೆ ಬಂದು ಕೇಳಿದರು. ನಾನು ಸಂತೋಷದಿಂದ ಒಪ್ಪಿಕೊಂಡೆ. ಮಿರ್ಜಾ ಸಾಹೇಬರ ಬಗ್ಗೆ ಬರೆಯುವುದೇನು ಕಷ್ಟ? ಬೃಂದಾವನ ಉದ್ಯಾನ, ಮಂಡ್ಯದ ಸಕ್ಕರೆ ಕಾರ್ಖಾನೆ, ಬೆಂಗಳೂರಿನ ಪುರಭವನ ಎಂದು ಪಟ್ಟಿ ಮಾಡಿದರೆ ಎರಡು ಪುಟ ತಾನಾಗಿಯೇ ತುಂಬುತ್ತದೆ ಎಂದುಕೊಂಡಿದ್ದೆ.

ಅದೇ ವಾರ ದ್ವಿತೀಯ ಪಿಯುಸಿ ರಾಜ್ಯಶಾಸ್ತ್ರದ ತರಗತಿಯಲ್ಲಿ ರಾಜ್ಯಪಾಲರ ನೇಮಕದ ಪಾಠ ನಡೆಯುತ್ತಿತ್ತು. ಶಾಸಕರನ್ನು ನಾವೇ ಆರಿಸುತ್ತೇವೆ, ಪಂಚಾಯಿತಿ ಸದಸ್ಯರನ್ನೂ ನಾವೇ ಆರಿಸುತ್ತೇವೆ, ರಾಜ್ಯಪಾಲರು ಮಾತ್ರ ಏಕೆ ದೆಹಲಿಯಿಂದ ಬರುತ್ತಾರೆ ಎಂದು ಶಿಡ್ಲಘಟ್ಟದ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅವಳಿಗೆ ಉತ್ತರ ಹೇಳುವಾಗ ಅಮೆರಿಕದ ಗವರ್ನರುಗಳ ಕಥೆಯೂ ಬಂತು, ಮೈಸೂರಿನ ದಿವಾನರ ಕಥೆಯೂ ಬಂತು. ಮಾತಿನ ನಡುವೆ ನಾನು ಸ್ವಲ್ಪ ಹೆಮ್ಮೆಯಿಂದಲೇ ಮಿರ್ಜಾ ಅವರ ಹೆಸರು ಹೇಳಿದೆ. ಆಗ ಗೌರಿಬಿದನೂರು ತಾಲ್ಲೂಕಿನಿಂದ ಬರುವ ಹುಡುಗನೊಬ್ಬ ಎದ್ದು ನಿಂತು, ಹಾಗಾದರೆ ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದಾಗ ದಿವಾನರಾಗಿದ್ದವರು ಇವರೇ ಅಲ್ಲವೇ ಸರ್, ಇವರನ್ನು ಆರಿಸಿದ್ದು ಯಾರು ಸರ್ ಎಂದ. ಗಂಟೆ ಹೊಡೆಯಿತು. ಉತ್ತರ ಬಾಕಿ ಉಳಿಯಿತು. ಈ ಲೇಖನ ಆ ಬಾಕಿಯ ಲೆಕ್ಕ.

ಮಿರ್ಜಾ ಅವರ ಮನೆತನದ ಕಥೆ ಕುದುರೆಗಳಿಂದ ಶುರುವಾಗುತ್ತದೆ. ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ಕಡೆಯವರು. 1824ರ ಸುಮಾರಿಗೆ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ದಂಡಿಗೆ ಒಳ್ಳೆಯ ಕುದುರೆ ಬೇಕಾಗಿದ್ದ ಕಾಲ ಅದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೂ ಇಂಗ್ಲಿಷ್ ಅಧಿಕಾರಿಗಳಿಗೂ ಅವರು ಬೇಕಾದವರಾದರು. ಬೆಂಗಳೂರಿನಲ್ಲಿ ಇಂದಿಗೂ ಅವರ ಹೆಸರಿನ ರಸ್ತೆ ಇದೆ. ಅವರ ಮಗ ಆಗಾ ಜಾನ್ ಅವರಿಗೂ ಅರಮನೆಯ ಒಡನಾಟ ಇತ್ತು. ಆಗಾ ಜಾನ್ ಅವರ ಮಗನಾಗಿ ಮಿರ್ಜಾ ಇಸ್ಮಾಯಿಲ್ 1883ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು.

ಮರುವರ್ಷ ಜೂನ್‌ನಲ್ಲಿ ಮೈಸೂರಿನ ಅರಮನೆಯಲ್ಲಿ ಇನ್ನೊಂದು ಮಗು ಹುಟ್ಟಿತು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಎನಿಸಿಕೊಂಡವರು ಅವರೇ. ತಂದೆ ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡಾಗ ನಾಲ್ವಡಿಯವರಿಗೆ ಕೇವಲ 10 ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯಭಾರ ನಡೆಸಿದರು. ಬಾಲರಾಜನ ವಿದ್ಯಾಭ್ಯಾಸಕ್ಕೆ ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಗೊತ್ತುಮಾಡಿದರು. ಒಬ್ಬನೇ ಹುಡುಗನನ್ನು ಕೂರಿಸಿ ಪಾಠ ಹೇಳಿದರೆ ಅವನು ಲೋಕ ತಿಳಿಯದವನಾಗುತ್ತಾನೆ ಎಂದು ಕೆಲವು ಹುಡುಗರನ್ನು ಆರಿಸಿ ಜೊತೆಗೆ ಸೇರಿಸಿದರು. ಅವರಲ್ಲಿ ಒಬ್ಬರು ಮಿರ್ಜಾ. ಒಟ್ಟಿಗೆ ಪಾಠ, ಒಟ್ಟಿಗೆ ಕುದುರೆ ಸವಾರಿ, ಒಟ್ಟಿಗೆ ಆಟ. ಆ ಹುಡುಗ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ದಿವಾನರನ್ನು ಆರಿಸುವ ಕೆಲಸ 1926ರಲ್ಲಿ ನಡೆಯಿತು ಎಂದು ಪುಸ್ತಕಗಳು ಹೇಳುತ್ತವೆ. ನನಗೇನೋ ಅದು ಈ ಪಾಠದ ಕೋಣೆಯಲ್ಲಿಯೇ ಅರ್ಧ ಮುಗಿದಿತ್ತು ಅನಿಸುತ್ತದೆ.

ಮಿರ್ಜಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಅದೇ ಕಾಲೇಜಿನಲ್ಲಿ ಎರಡು ದಶಕಗಳ ಹಿಂದೆ ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ಓದಿದ್ದರು. ಪದವಿ ಮುಗಿದ ಮೇಲೆ 1905ರಲ್ಲಿ ಮಿರ್ಜಾ ಮೈಸೂರು ಸರ್ಕಾರದ ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಹೆಚ್ಚು ದಿನ ಇರಲಿಲ್ಲ. ಮಹಾರಾಜರು ತಮ್ಮ ಕಚೇರಿಗೆ ಕರೆಸಿಕೊಂಡರು. ಸಹಾಯಕ ಕಾರ್ಯದರ್ಶಿ, ಹುಜೂರ್ ಕಾರ್ಯದರ್ಶಿ, 1922ರಲ್ಲಿ ಖಾಸಗಿ ಕಾರ್ಯದರ್ಶಿ ಎಂದು ಮೆಟ್ಟಿಲು ಹತ್ತಿದರು. ದಿವಾನರಿಂದ ಮಹಾರಾಜರಿಗೆ ಹೋಗುವ ಕಡತ, ಮಹಾರಾಜರಿಂದ ದಿವಾನರಿಗೆ ಬರುವ ಆಜ್ಞೆ ಎಲ್ಲವೂ ಅವರ ಕೈ ದಾಟಿಯೇ ಹೋಗಬೇಕು. ಇಡೀ ಸಂಸ್ಥಾನದ ಆಡಳಿತವನ್ನು ಅವರು ಒಂದು ಮೇಜಿನ ಹಿಂದೆ ಕೂತು ಕಲಿತರು.

ಇಲ್ಲಿ ಸ್ವಲ್ಪ ನಿಂತು ದಿವಾನರ ನೇಮಕ ಹೇಗೆ ನಡೆಯುತ್ತಿತ್ತು ಎಂದು ಹೇಳಬೇಕು. ಪಠ್ಯಪುಸ್ತಕದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದರು. ಅಂದಿನಿಂದ ದಿವಾನರೇ ಸರ್ಕಾರದ ಮುಖ್ಯಸ್ಥರು. ಅವರನ್ನು ನೇಮಿಸುವವರು ಮಹಾರಾಜರು. ಆದರೆ ಬೆಂಗಳೂರಿನಲ್ಲಿ ಬ್ರಿಟಿಷ್ ರೆಸಿಡೆಂಟರು ಕೂತಿದ್ದರು, ಅವರ ಮೇಲೆ ವೈಸರಾಯರಿದ್ದರು. ಅವರ ಮನಸ್ಸಿಗೆ ಒಪ್ಪದವರು ದಿವಾನರಾಗುವುದು ಕಷ್ಟವಿತ್ತು. ಅದೇ 1881ರಲ್ಲಿ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಗೆ 144 ಜನ ಬಂದಿದ್ದರು. ದಸರೆಯ ಕಾಲಕ್ಕೆ ಜಿಲ್ಲೆಗಳಿಂದ ಪ್ರತಿನಿಧಿಗಳು ಮೈಸೂರಿಗೆ ಹೋಗಿ ತಮ್ಮ ಊರಿನ ಕೆರೆ, ರಸ್ತೆ, ಕಂದಾಯದ ದೂರು ಹೇಳಿಕೊಳ್ಳುತ್ತಿದ್ದರು. ನಮ್ಮ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. ಆ ಸಭೆ ಕೇಳಬಹುದಿತ್ತು, ಕೋರಬಹುದಿತ್ತು. ದಿವಾನರನ್ನು ಆರಿಸುವ ಹಾಗಿರಲಿಲ್ಲ, ಇಳಿಸುವ ಹಾಗೂ ಇರಲಿಲ್ಲ. ಸಭೆಯ ಅಧ್ಯಕ್ಷರೂ ದಿವಾನರೇ. ಪ್ರಶ್ನೆ ಕೇಳಿಸಿಕೊಳ್ಳಬೇಕಾದವರೇ ಪ್ರಶ್ನೆಗೆ ಅವಕಾಶ ಕೊಡುವವರು!

ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಮುಂತಾದವರು ಮದ್ರಾಸ್ ಕಡೆಯಿಂದ ಬಂದವರು. ಎಲ್ಲ ದೊಡ್ಡ ಹುದ್ದೆಗಳೂ ಮದ್ರಾಸಿನವರಿಗೇ ಹೋಗುತ್ತವೆ ಎಂಬ ಬೇಸರ ಮೈಸೂರಿನವರಲ್ಲಿ ಬಹಳ ಕಾಲ ಇತ್ತು. ಮುಂಬೈ ಸರ್ಕಾರದಲ್ಲಿ ಹೆಸರು ಮಾಡಿದ್ದ ವಿಶ್ವೇಶ್ವರಯ್ಯನವರನ್ನು ಮಹಾರಾಜರು ಮೊದಲು ಮುಖ್ಯ ಇಂಜಿನಿಯರರಾಗಿ ಕರೆಸಿ, 1912ರಲ್ಲಿ ದಿವಾನರನ್ನಾಗಿ ಮಾಡಿದರು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಜಾತಿಗಳಿಗೂ ಮುಸಲ್ಮಾನರಿಗೂ ಪಾಲು ಸಿಗಬೇಕೆಂಬ ಬೇಡಿಕೆ ಎದ್ದಾಗ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರು ಅದನ್ನು ಒಪ್ಪದೆ ಹುದ್ದೆ ಬಿಟ್ಟರು. ಅವರ ನಂತರ ಅರಸು ಮನೆತನದ ಕಾಂತರಾಜೇ ಅರಸರು, ಆಮೇಲೆ ಬಂಗಾಳದ ಆಲ್ಬಿಯನ್ ಬ್ಯಾನರ್ಜಿ. 1926ರ ಮೇ 1ರಂದು ಮಿರ್ಜಾ ಇಸ್ಮಾಯಿಲ್. ಅವರಿಗೆ ಆಗ 42 ವರ್ಷ. 1881ರ ನಂತರ ಆ ಕುರ್ಚಿಯಲ್ಲಿ ಕೂತ ಮೊದಲ ಮುಸಲ್ಮಾನರು ಅವರು.

ಇಷ್ಟಾದ ಮೇಲೆ ಅಮೆರಿಕಕ್ಕೆ ಹೋಗಿ ಬರೋಣ, ತರಗತಿಯಲ್ಲಿ ಹೋಗಿ ಬಂದ ಹಾಗೆ. ಅಮೆರಿಕದ 13 ವಸಾಹತುಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲೆಂಡಿನ ದೊರೆ ಗವರ್ನರನ್ನು ಕಳಿಸುತ್ತಿದ್ದ. ಜನರ ಸಭೆ ಮಾಡಿದ ಕಾನೂನನ್ನು ಆ ಗವರ್ನರು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಿತ್ತು. 1776ರಲ್ಲಿ ಸ್ವಾತಂತ್ರ್ಯ ಸಾರಿದ ಮೇಲೆ ಅವರಿಗೆ ಗವರ್ನರು ಎಂಬ ಹುದ್ದೆಯ ಮೇಲೆಯೇ ಸಿಟ್ಟು. ಇನ್ನು ಮುಂದೆ ಯಾರು ಆರಿಸಬೇಕು? ಹೆಚ್ಚಿನ ರಾಜ್ಯಗಳು ಆ ಕೆಲಸವನ್ನು ಶಾಸನಸಭೆಗೆ ಕೊಟ್ಟವು. ವರ್ಜೀನಿಯಾದಲ್ಲಿ ಶಾಸನಸಭೆ ಗವರ್ನರನ್ನು ಒಂದು ವರ್ಷಕ್ಕೆ ಮಾತ್ರ ಆರಿಸುತ್ತಿತ್ತು, ಸತತವಾಗಿ ಮೂರು ವರ್ಷಕ್ಕಿಂತ ಹೆಚ್ಚು ಇರುವಂತಿರಲಿಲ್ಲ. ಪ್ಯಾಟ್ರಿಕ್ ಹೆನ್ರಿ ಹಾಗೆ ಆಯ್ಕೆಯಾದ ಮೊದಲಿಗರು, ಅವರ ನಂತರ ಥಾಮಸ್ ಜೆಫರ್ಸನ್. ನ್ಯೂಯಾರ್ಕಿನವರು 1777ರಲ್ಲಿ, ಮ್ಯಾಸಚೂಸೆಟ್ಸಿನವರು 1780ರಲ್ಲಿ ಮತದಾರರೇ ನೇರವಾಗಿ ಆರಿಸಲಿ ಎಂದು ಬರೆದುಕೊಂಡರು. ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್‌ಗಳಲ್ಲಿ ದೊರೆಯ ಕಾಲದಿಂದಲೂ ಚುನಾವಣೆ ಇತ್ತು, ಅವು ಅದನ್ನೇ ಮುಂದುವರಿಸಿದವು. ವರ್ಜೀನಿಯಾದ ಮತದಾರರು ನೇರವಾಗಿ ಗವರ್ನರನ್ನು ಆರಿಸಲು 1851ರವರೆಗೆ ಕಾಯಬೇಕಾಯಿತು. ಮತದಾರರು ಎಂದರೂ ಎಲ್ಲರೂ ಅಲ್ಲ. ಬಹುತೇಕ ಕಡೆ ಆಸ್ತಿ ಇದ್ದ ಬಿಳಿಯ ಗಂಡಸರು. ಗುಲಾಮರಿಗೆ ಓಟು ಇರಲಿಲ್ಲ, ಹೆಂಗಸರಿಗೆ ಇದ್ದದ್ದು ನ್ಯೂಜೆರ್ಸಿಯಲ್ಲಿ, ಅದೂ ಆಸ್ತಿ ಇದ್ದವರಿಗೆ, ಕೆಲವು ಕಾಲ ಮಾತ್ರ.

ಈ ಲೆಕ್ಕದಲ್ಲಿ ನೋಡಿದರೆ ಮಿರ್ಜಾ ಅವರು ದೊರೆ ಕಳಿಸಿದ ಗವರ್ನರಿನ ಹಾಗೆ. ಒಂದೇ ವ್ಯತ್ಯಾಸವೆಂದರೆ ದೊರೆ ಸಮುದ್ರದಾಚೆ ಇರಲಿಲ್ಲ, ಮೈಸೂರಿನಲ್ಲಿಯೇ ಇದ್ದರು, ದಿವಾನರೂ ಇದೇ ಮಣ್ಣಿನಲ್ಲಿ ಹುಟ್ಟಿದವರು.

ಜನ ಆರಿಸದ ಮನುಷ್ಯ ಜನರಿಗಾಗಿ ಕೆಲಸ ಮಾಡಿದರೇ? ಮಾಡಿದರು. ಇಲ್ಲಿ ನಾನು ಯಾವ ಅನುಮಾನವನ್ನೂ ಇಟ್ಟುಕೊಳ್ಳುವುದಿಲ್ಲ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಕೃಷ್ಣರಾಜಸಾಗರದ ನೀರು ಮಂಡ್ಯದ ಹೊಲಗಳಿಗೆ ಹರಿದದ್ದು ಮಿರ್ಜಾ ಅವರ ಕಾಲದಲ್ಲಿ. ಆ ನಾಲೆಗೆ ಅವರು ವೈಸರಾಯ್ ಇರ್ವಿನ್ ಅವರ ಹೆಸರಿಟ್ಟರು, ಈಗ ಅದು ವಿಶ್ವೇಶ್ವರಯ್ಯ ನಾಲೆ. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ ಬಂತು. ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ, ವಿದ್ಯುತ್ ದೀಪದ ಕಾರ್ಖಾನೆ, ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಮತ್ತು ಸಿಮೆಂಟು, ಬದನವಾಳಿನಲ್ಲಿ ಖಾದಿ ಕೇಂದ್ರ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಬೆಂಗಳೂರಿನಲ್ಲಿ ಜಾಗ ಕೊಟ್ಟು, ಸಂಸ್ಥಾನದ ಹಣವನ್ನೂ ಹಾಕಿ ಕರೆದವರು ಮಿರ್ಜಾ. ಇಂದಿನ ಎಚ್‌ಎಎಲ್ ಅದೇ. 1881ರ ಒಪ್ಪಂದದಂತೆ ಮೈಸೂರು ಬ್ರಿಟಿಷರಿಗೆ ಕಪ್ಪ ಕೊಡಬೇಕಿತ್ತು, ಅದು ಬೆಳೆದು ವರ್ಷಕ್ಕೆ 35 ಲಕ್ಷ ರೂಪಾಯಿ ಆಗಿತ್ತು. ಅದನ್ನು 24.5 ಲಕ್ಷಕ್ಕೆ ಇಳಿಸುವ ನಿರ್ಧಾರ ಹೊರಬಿದ್ದದ್ದು 1927ರಲ್ಲಿ.

ಅವರಿಗೆ ಕೊಳಕು ಕಂಡರೆ ಆಗುತ್ತಿರಲಿಲ್ಲ. ಬೆಳಗ್ಗೆ ಕುದುರೆ ಏರಿ ಊರು ಸುತ್ತುವುದು ಅವರ ಅಭ್ಯಾಸ. ಎಲ್ಲಿ ಚರಂಡಿ ಕಟ್ಟಿದೆ, ಎಲ್ಲಿ ಗಿಡ ಒಣಗಿದೆ ಎಂದು ಕಣ್ಣಿಟ್ಟು ನೋಡಿ, ಸಂಬಂಧಪಟ್ಟ ಅಧಿಕಾರಿಗೆ ಅಂದೇ ಹೇಳಿಕಳಿಸುತ್ತಿದ್ದರು. ದಿವಾನರು ಯಾವ ಬೀದಿಗೆ ಬರುತ್ತಾರೋ ಗೊತ್ತಿಲ್ಲದ್ದರಿಂದ ಎಲ್ಲ ಬೀದಿಗಳನ್ನೂ ಗುಡಿಸಬೇಕಾಗುತ್ತಿತ್ತು. ನಮ್ಮ ಕಾಲೇಜಿನ ಹಿಂಬದಿಯ ಗೋಡೆಯ ಹತ್ತಿರ ಬಿಸ್ಕತ್ತಿನ ಕಾಗದ ಎಸೆಯುವವರು ಇದನ್ನು ಎರಡು ಸಲ ಓದಬೇಕೆಂದು ನನ್ನ ಕೋರಿಕೆ.

ನಮ್ಮ ಭಾಗಕ್ಕೂ ಅವರಿಗೂ ಇರುವ ನಂಟಿನಲ್ಲಿ ಮೊದಲನೆಯದು ನಂದಿ ಬೆಟ್ಟ. 1927ರಲ್ಲಿ ಗಾಂಧೀಜಿಯವರ ಆರೋಗ್ಯ ಕೆಟ್ಟಾಗ ವಿಶ್ರಾಂತಿಗೆಂದು ಏಪ್ರಿಲ್‌ನಲ್ಲಿ ನಂದಿಗೆ ಬಂದರು. ಮೈಸೂರು ಸರ್ಕಾರ ಅವರನ್ನು ಅತಿಥಿಯಾಗಿ ನೋಡಿಕೊಂಡಿತು. ಬ್ರಿಟಿಷರ ಕಣ್ಣೆದುರಿಗೆ ಬ್ರಿಟಿಷರನ್ನು ವಿರೋಧಿಸುವ ಮನುಷ್ಯನಿಗೆ ಆತಿಥ್ಯ ಕೊಡುವುದು ಒಂದು ಸಂಸ್ಥಾನದ ದಿವಾನರಿಗೆ ಸಣ್ಣ ಮಾತಲ್ಲ. ಗಾಂಧೀಜಿ ಮತ್ತು ಮಿರ್ಜಾ ಅವರ ಸ್ನೇಹ ಬಹುಕಾಲ ಉಳಿಯಿತು. ಗಾಂಧೀಜಿ 1936ರಲ್ಲಿ ಮತ್ತೆ ನಂದಿಗೆ ಬಂದರು. ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳಿಗೆ ಮಿರ್ಜಾ ಸಂಸ್ಥಾನಗಳ ಪರವಾಗಿ ಹೋದರು. ಬ್ರಿಟಿಷರಿಂದ ಸರ್ ಪದವಿ ಪಡೆದ ಮನುಷ್ಯ ಖಾದಿಗೆ ಪ್ರೋತ್ಸಾಹ ಕೊಟ್ಟರು. ಅವರನ್ನು ಯಾವ ಖಾನೆಯಲ್ಲಿ ಹಾಕುವುದೆಂದು ಅಂದಿನವರಿಗೂ ತಿಳಿಯಲಿಲ್ಲ.

ಶಿಡ್ಲಘಟ್ಟದ ನಂಟು ರೇಷ್ಮೆಯದು. ನಮ್ಮಲ್ಲಿ ಎಷ್ಟೋ ಮಕ್ಕಳ ಮನೆಯಲ್ಲಿ ಬೆಳಗಾದರೆ ಗೂಡು ಬೇಯಿಸುವ ವಾಸನೆ, ನೂಲು ಬಿಚ್ಚುವ ಸದ್ದು. 1930ರ ಸುಮಾರಿಗೆ ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟು ಬಂದು, ಜಪಾನಿನ ಅಗ್ಗದ ರೇಷ್ಮೆ ಮಾರುಕಟ್ಟೆಗೆ ನುಗ್ಗಿ, ಮೈಸೂರಿನ ರೇಷ್ಮೆಯವರು ನೆಲಕಚ್ಚಿದರು. ಹೊರಗಿನ ರೇಷ್ಮೆಯ ಮೇಲೆ ಸುಂಕ ಹಾಕುವ ಅಧಿಕಾರ ಮೈಸೂರಿಗೆ ಇರಲಿಲ್ಲ, ಅದು ಭಾರತ ಸರ್ಕಾರದ ಕೈಯಲ್ಲಿತ್ತು. 1934ರಲ್ಲಿ ಆ ರಕ್ಷಣಾ ಸುಂಕ ಬಂತು. ಸಂಸ್ಥಾನದ ದಿವಾನರೂ ಕೊನೆಗೆ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬೇಕಾದವರೇ ಎಂಬುದು ಅಂಥ ಕಡೆ ಕಾಣುತ್ತದೆ.

ಇನ್ನು ಕಷ್ಟದ ಭಾಗ. 1928ರ ಜುಲೈನಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಬಳಿಯ ಗಣಪತಿ ವಿಗ್ರಹದ ವಿಷಯವಾಗಿ ಗಲಾಟೆಯಾಯಿತು. ಸಣ್ಣದಾಗಿ ಮುಗಿಯಬಹುದಾಗಿದ್ದ ಮಾತು ವಿದ್ಯಾರ್ಥಿಗಳ ಮೆರವಣಿಗೆಯಾಗಿ, ಬಂಧನವಾಗಿ, ಕೊನೆಗೆ ಹಿಂದೂ ಮುಸಲ್ಮಾನರ ಹೊಡೆದಾಟವಾಯಿತು. ದಿವಾನರು ಮುಸಲ್ಮಾನರಾದ್ದರಿಂದ ಅವರ ಮೇಲೆ ಬಂದ ಮಾತುಗಳು ಎಂಥವೆಂದು ನೀವೇ ಊಹಿಸಬಹುದು. ಸರ್ಕಾರ ವಿಚಾರಣೆಗೆ ಸಮಿತಿ ನೇಮಿಸಿತು, ಅದರ ಅಧ್ಯಕ್ಷರು ವಿಶ್ವೇಶ್ವರಯ್ಯನವರು. ಮಾಜಿ ದಿವಾನರು ಹಾಲಿ ದಿವಾನರ ಆಡಳಿತವನ್ನು ತೂಗಿ ನೋಡಿದರು. ವರದಿ ಸರ್ಕಾರಕ್ಕೆ ಹಿತವಾಗಿರಲಿಲ್ಲ. ಮಹಾರಾಜರು ಮಾತ್ರ ಮಿರ್ಜಾ ಅವರನ್ನು ಕೈಬಿಡಲಿಲ್ಲ. ಜನರ ಸಭೆ ಆರಿಸಿದ ದಿವಾನರಾಗಿದ್ದರೆ ಅಂದು ಉಳಿಯುತ್ತಿದ್ದರೇ? ಉಳಿಯುತ್ತಿರಲಿಲ್ಲ ಅನಿಸುತ್ತದೆ. ಅವರು ಅಂದು ಹೋಗಿದ್ದರೆ ಮಂಡ್ಯ, ಭದ್ರಾವತಿಗಳ ಕೆಲಸ ಯಾರ ಕೈಗೆ ಹೋಗುತ್ತಿತ್ತೋ. ಇದನ್ನು ನಾನು ಎರಡೂ ಕಡೆಯಿಂದ ತಿರುಗಿಸಿ ನೋಡಿದ್ದೇನೆ, ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ಈ ಹೊತ್ತಿಗೆ ಜನರ ಬೇಡಿಕೆ ಬದಲಾಗಿತ್ತು. ಮೊದಲು ಕೆಲಸದಲ್ಲಿ ಪಾಲು ಕೇಳುತ್ತಿದ್ದವರು ಈಗ ಜವಾಬ್ದಾರಿ ಸರ್ಕಾರ ಕೇಳತೊಡಗಿದರು. ಅಂದರೆ ಆಡಳಿತ ನಡೆಸುವವರು ಮಹಾರಾಜರಿಗಲ್ಲ, ಜನ ಆರಿಸಿದ ಸಭೆಗೆ ಉತ್ತರ ಹೇಳಬೇಕು. ವರ್ಜೀನಿಯಾದವರು 1776ರಲ್ಲಿ ಬಗೆಹರಿಸಿಕೊಂಡ ಪ್ರಶ್ನೆಯೇ ಇದು. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಪ್ರಜಾಪಕ್ಷದ ಮುಂದಾಳುಗಳಲ್ಲಿ ಒಬ್ಬರು. ಅದು ಪ್ರಜಾಮಿತ್ರ ಮಂಡಳಿಯೊಡನೆ ಕೂಡಿ, 1937ರಲ್ಲಿ ಕಾಂಗ್ರೆಸ್ಸಿಗೆ ಸೇರಿತು. ಮಿರ್ಜಾ ಅವರಿಗೆ ಗಾಂಧೀಜಿ ಇಷ್ಟ, ಖಾದಿ ಇಷ್ಟ, ತಮ್ಮ ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಚಳವಳಿ ಮಾತ್ರ ಇಷ್ಟವಿರಲಿಲ್ಲ. ಸಭೆಗಳಿಗೆ ನಿಷೇಧ, ಮುಖಂಡರಿಗೆ ಬಂಧನ ನಡೆಯಿತು. ಒಳ್ಳೆಯ ಆಡಳಿತ ಕೊಡುತ್ತಿರುವಾಗ ಜನರಿಗೆ ಅಧಿಕಾರ ಏಕೆ ಬೇಕು ಎಂಬುದು ಅವರಂಥ ಸಮರ್ಥರಿಗೆ ಸುಲಭವಾಗಿ ಅರ್ಥವಾಗದ ವಿಷಯ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಿಷೇಧವನ್ನು ಮುರಿದು ಕಾಂಗ್ರೆಸ್ ಬಾವುಟ ಹಾರಿಸಿದರು. ಅಲ್ಲಿಂದ ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಚೈತ್ರದ ಜಾತ್ರೆಯ ಕಾಲ. ಉತ್ತರ ಪಿನಾಕಿನಿಯ ದಂಡೆಯ ಆ ಕ್ಷೇತ್ರಕ್ಕೆ ನಮ್ಮ ಕಡೆಯ ಹಳ್ಳಿಗಳಿಂದಲೂ ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಏಪ್ರಿಲ್ 25ರಂದು ನಿಷೇಧವಿದ್ದರೂ ಸಭೆ ಸೇರಿತು. ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10 ಜನ. ಊರವರ ಲೆಕ್ಕ 30 ದಾಟುತ್ತದೆ.

ಆ ಜಾಗವನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ಹೋದಾಗ ವಿದುರ ನೆಟ್ಟದ್ದೆಂದು ಜನ ನಂಬುವ ಹಳೆಯ ಅರಳಿಮರ ಇನ್ನೂ ನಿಂತಿತ್ತು, 2001ರಲ್ಲಿ ಅದು ಉರುಳಿತು. ಸುತ್ತ ಸಾಲು ಸಾಲು ನಾಗರಕಲ್ಲುಗಳು. ಹತ್ತಿರದಲ್ಲಿಯೇ ಹುತಾತ್ಮರ ಸ್ಮಾರಕ ಮತ್ತು ವೀರಸೌಧ. ಈ ಲೇಖನಕ್ಕಾಗಿ ಮೂರನೆಯ ಸಲ ಹೋದೆ. ಸ್ಮಾರಕದ ಮುಂದೆ ನಿಂತಾಗ ತರಗತಿಯಲ್ಲಿ ಅಷ್ಟು ಸಲೀಸಾಗಿ ಹೇಳುವ ಮಾತುಗಳು ಬಾಯಿಗೆ ಬರಲಿಲ್ಲ. ಸತ್ತವರು ಪಟ್ಟಣದ ಮುಖಂಡರಲ್ಲ, ಬಹುಪಾಲು ಸುತ್ತಲ ಹಳ್ಳಿಯ ಸಾಮಾನ್ಯ ಜನ. ಗುಂಡು ಹಾರಿಸಲು ಮಿರ್ಜಾ ಅವರೇ ಹೇಳಿಕಳಿಸಿದರು ಎಂದು ನಾನು ಬರೆಯುವುದಿಲ್ಲ, ಹಾಗೆ ಬರೆಯಲು ನನ್ನಲ್ಲಿ ಆಧಾರವಿಲ್ಲ. ಆದರೆ ಸಭೆಗಳನ್ನು ನಿಷೇಧಿಸಿದ ಸರ್ಕಾರ ಅವರದು, ಪೊಲೀಸರು ಅವರ ಸರ್ಕಾರದವರು. ಬೃಂದಾವನದ ಕೀರ್ತಿಯನ್ನು ಅವರ ಹೆಸರಿಗೆ ಬರೆದ ಮೇಲೆ ಇದನ್ನು ಬೇರೆ ಯಾರ ಹೆಸರಿಗೋ ಬರೆಯಲು ಬರುವುದಿಲ್ಲ. ಅವರು ನಮ್ಮ ಕೌಮಿನವರು ಎಂಬ ಅಭಿಮಾನ ನನಗೂ ಇದೆ. ಆ ಅಭಿಮಾನಕ್ಕಾಗಿ ಈ ಪುಟವನ್ನು ಹಾರಿಸಿ ಓದಿದರೆ, ಮುಂದಿನ ಬೆಂಚಿನಲ್ಲಿ ಕೂರುವ ಆ ಹುಡುಗನ ಮುಖ ನಾನು ನೋಡುವುದು ಹೇಗೆ?

ಮಿರ್ಜಾ ಆಮೇಲೆ ಏನು ಮಾಡಿದರು ಎಂಬುದನ್ನೂ ಹೇಳಬೇಕು. ವಿಚಾರಣೆಗೆ ಮದ್ರಾಸ್ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಗಾಂಧೀಜಿಯವರ ಕಡೆಯಿಂದ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮಿರ್ಜಾ ಮಾತುಕತೆಗೆ ಕೂತರು. ಆದದ್ದು ಮಿರ್ಜಾ-ಪಟೇಲ್ ಒಪ್ಪಂದ. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಅವಕಾಶ, ಬಂಧಿತರ ಬಿಡುಗಡೆ, ಆಡಳಿತ ಸುಧಾರಣೆಯ ಸಮಿತಿಯಲ್ಲಿ ಕಾಂಗ್ರೆಸ್ಸಿನವರಿಗೂ ಜಾಗ. ಯಾವ ಬಾವುಟಕ್ಕಾಗಿ ಏಪ್ರಿಲ್‌ನಲ್ಲಿ ಜನ ಸತ್ತರೋ ಆ ಬಾವುಟ ಮೇ ತಿಂಗಳಲ್ಲಿ ಕಾನೂನಿನ ಪ್ರಕಾರವೇ ಹಾರಬಹುದೆಂದಾಯಿತು. ಇದೇ ಒಪ್ಪಿಗೆ ಒಂದು ತಿಂಗಳು ಮೊದಲು ಸಿಕ್ಕಿದ್ದರೆ ಎಂದು ವೀರಸೌಧದ ಮೆಟ್ಟಿಲಲ್ಲಿ ಕೂತವರಿಗೆಲ್ಲ ಅನಿಸುತ್ತದೆ. ಜವಾಬ್ದಾರಿ ಸರ್ಕಾರ ಮಾತ್ರ ಬರಲಿಲ್ಲ. ಮುಂದಿನ ವರ್ಷ ಸತ್ಯಾಗ್ರಹ, ಬಂಧನಗಳು ಮತ್ತೆ ನಡೆದವು.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. 40 ವರ್ಷಕ್ಕೂ ಹೆಚ್ಚಿನ ಗೆಳೆತನ ಅಲ್ಲಿಗೆ ಮುಗಿಯಿತು. ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ 21 ವರ್ಷ. ಹೊಸ ಮಹಾರಾಜರಿಗೂ ಹಳೆಯ ದಿವಾನರಿಗೂ ಹೊಂದಾಣಿಕೆ ಆಗಲಿಲ್ಲ. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು. 15 ವರ್ಷ ದಿವಾನಗಿರಿ ಮಾಡಿದವರು ಹೋಗುವಾಗಲೂ ಯಾವ ಸಭೆಯ ಓಟೂ ಬೇಕಾಗಲಿಲ್ಲ. ಬರುವಾಗ ಇದ್ದ ಒಬ್ಬರ ವಿಶ್ವಾಸ ಹೋಗುವಾಗ ಇರಲಿಲ್ಲ, ಅಷ್ಟೆ.

ಮುಂದಿನ ವರ್ಷ ಅವರು ಜಯಪುರ ಸಂಸ್ಥಾನದ ಪ್ರಧಾನಿಯಾದರು. ಆ ಊರಿನ ದೊಡ್ಡ ರಸ್ತೆಗೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರು. ಪ್ರವಾಸಕ್ಕೆ ಹೋದವರು ಎಂ.ಐ. ರೋಡ್ ಎಂಬ ಫಲಕ ನೋಡಿರುತ್ತೀರಿ, ಅದು ನಮ್ಮ ಬೆಂಗಳೂರಿನವರ ಹೆಸರು. 1946ರಲ್ಲಿ ಹೈದರಾಬಾದಿನ ನಿಜಾಮರು ಕರೆದರು. ಅಲ್ಲಿಯೂ ನೇಮಕದ ಪ್ರಶ್ನೆಯೇ. ಜಿನ್ನಾ ಅವರಿಗೆ ಮಿರ್ಜಾ ಆ ಹುದ್ದೆಗೆ ಹೋಗುವುದು ಬೇಡವಾಗಿತ್ತು, ಏಕೆಂದರೆ ಮಿರ್ಜಾ ದೇಶ ಒಡೆಯುವುದನ್ನು ಒಪ್ಪುವವರಲ್ಲ. ಹೈದರಾಬಾದಿನ ಇತ್ತೆಹಾದ್ ಪಕ್ಷದವರಿಗೂ ಬೇಡವಾಗಿತ್ತು. ಭಾರತದೊಂದಿಗೆ ಹೊಂದಿಕೊಂಡು ಹೋಗುವುದೇ ಹೈದರಾಬಾದಿಗೆ ಒಳ್ಳೆಯದೆಂಬುದು ಅವರ ನಿಲುವು. ಅದಕ್ಕೆ ಅಲ್ಲಿ ಬೆಂಬಲ ಸಿಗದೆ 1947ರಲ್ಲಿ ಹುದ್ದೆ ಬಿಟ್ಟು ಬಂದರು. ಬೆಂಗಳೂರಿನಲ್ಲಿ ಮುಸಲ್ಮಾನನೆಂದು ಬೈಸಿಕೊಂಡವರು ಹೈದರಾಬಾದಿನಲ್ಲಿ ಸಾಕಷ್ಟು ಮುಸಲ್ಮಾನನಲ್ಲ ಎಂದು ಬೈಸಿಕೊಂಡರು. ಮುಂದೆ ಏನಾಯಿತೆಂದು 1948ರ ಸೆಪ್ಟೆಂಬರ್‌ನ ಪಾಠದಲ್ಲಿ ನೀವು ಓದಿದ್ದೀರಿ.

ಅವರು ಹುದ್ದೆ ಬಿಟ್ಟ ಆ ವರ್ಷವೇ ಮೈಸೂರಿನಲ್ಲಿ ಹಳೆಯ ಪ್ರಶ್ನೆ ಬಗೆಹರಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ನಡೆಯುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು. ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ವಿದುರಾಶ್ವತ್ಥದವರು ಕೇಳಿದ್ದು ಒಂಬತ್ತೂವರೆ ವರ್ಷದ ಮೇಲೆ ಬಂತು.

ಶಿಡ್ಲಘಟ್ಟದ ಹುಡುಗಿಯ ಪ್ರಶ್ನೆಯೂ ಉಳಿದಿದೆ. ಸಂವಿಧಾನ ಬರೆಯುವಾಗ ರಾಜ್ಯಪಾಲರನ್ನು ಜನರೇ ಓಟು ಹಾಕಿ ಆರಿಸಲಿ ಎಂಬ ಸಲಹೆ 1947ರಲ್ಲಿ ನಿಜವಾಗಿಯೂ ಬಂದಿತ್ತು. ಜನ ಆರಿಸಿದ ಮುಖ್ಯಮಂತ್ರಿ ಒಬ್ಬರು, ಜನ ಆರಿಸಿದ ರಾಜ್ಯಪಾಲರು ಇನ್ನೊಬ್ಬರು ಎಂದಾದರೆ ಇಬ್ಬರಿಗೂ ಜಗಳ ತಪ್ಪದು ಎಂದು ಯೋಚಿಸಿ 1949ರಲ್ಲಿ ಅದನ್ನು ಬಿಟ್ಟು, ರಾಷ್ಟ್ರಪತಿಗಳೇ ನೇಮಿಸಲಿ ಎಂದು ತೀರ್ಮಾನಿಸಿದರು. ಅಧಿಕಾರ ನಡೆಸುವವರು ಮುಖ್ಯಮಂತ್ರಿ, ರಾಜ್ಯಪಾಲರು ಸಂವಿಧಾನದ ಮುಖ್ಯಸ್ಥರು ಎಂಬುದು ಲೆಕ್ಕ. ಆ ಲೆಕ್ಕ ಎಷ್ಟರ ಮಟ್ಟಿಗೆ ಸರಿ ಬಂದಿದೆ ಎಂದು ದಿನಪತ್ರಿಕೆ ಓದುವವರು ತರಗತಿಯಲ್ಲಿ ಚರ್ಚಿಸಬಹುದು. ನಾನು ಅಧ್ಯಕ್ಷತೆ ವಹಿಸಲು ಸಿದ್ಧ.

ಮಿರ್ಜಾ ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1954ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ವಿಶಾಲ ಮೈಸೂರಿಗೆ ಮೊದಲ ರಾಜ್ಯಪಾಲರಾಗಿ ನೇಮಕಗೊಂಡವರು ಜಯಚಾಮರಾಜ ಒಡೆಯರು. ದಿವಾನರನ್ನು ನೇಮಿಸುತ್ತಿದ್ದ ಮಹಾರಾಜರೇ ಈಗ ದೆಹಲಿಯ ನೇಮಕದ ಆದೇಶ ಪಡೆದು ಕೆಲಸ ಮಾಡುವವರಾದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಮಿರ್ಜಾ ಇಸ್ಮಾಯಿಲ್ ಇಹಲೋಕ ತ್ಯಜಿಸಿದಾಗ ಅವರಿಗೆ 75 ವರ್ಷ. ಆಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ, ಜಮಖಂಡಿ ಕಡೆಯ ಜನ ಓಟು ಹಾಕಿ ಕಳಿಸಿದ ವಕೀಲರು.